180 ಲೀಟರ್ ಸೋಸಿ ಒಂದೂವರೆ ಲೀಟರ್ ಬಿಡುವ ಕಿಡ್ನಿ

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಸಕ್ಕರೆ ಕಾಯಿಲೆಯವರ ಔಷಧಿ ಚೀಟಿಯಲ್ಲಿ ಈಗೀಗ ಈ ಹೆಸರುಗಳು ಜಾಸ್ತಿ ಕಾಣಿಸುತ್ತವೆ. ಈ ಮಾತ್ರೆ ಶುರು ಮಾಡಿದವರು ಮೊದಲ ಸಲ ಮೂತ್ರ ಪರೀಕ್ಷೆ ಮಾಡಿಸಿ, ರಿಪೋರ್ಟ್ ನೋಡಿ ಗಾಬರಿಯಾಗುವುದುಂಟು. ರಕ್ತದ ಸಕ್ಕರೆ 110, ಹದದಲ್ಲೇ ಇದೆ. ಮೂತ್ರದಲ್ಲಿ ಮಾತ್ರ ಸಕ್ಕರೆಯ ಮುಂದೆ ಸಾಲಾಗಿ ನಾಲ್ಕು ಪ್ಲಸ್ ಗುರುತು. ಲ್ಯಾಬಿನವರು ಸ್ಯಾಂಪಲ್ ಅದಲುಬದಲು ಮಾಡಿಬಿಟ್ಟರಾ? ಇಲ್ಲ. ಮಾತ್ರೆ ತನ್ನ ಕೆಲಸ ಮಾಡುತ್ತಿದೆ, ಅಷ್ಟೇ.

ಇನ್ನೂ ಸೋಜಿಗದ ವಿಷಯ ಒಂದಿದೆ. ಸಕ್ಕರೆ ಕಾಯಿಲೆಯೇ ಇಲ್ಲದ, ಆದರೆ ಕಿಡ್ನಿ ಸೋಲುತ್ತಿರುವ ಜನರಿಗೂ ಇದೇ ಮಾತ್ರೆ ಕೊಡುತ್ತಾರೆ. ಸಕ್ಕರೆಯನ್ನು ಮೂತ್ರಕ್ಕೆ ಬಿಡುವ ಔಷಧಿ ಕಿಡ್ನಿಯನ್ನು ಹೇಗೆ ಕಾಪಾಡುತ್ತದೆ? ಇದು ಅರ್ಥವಾಗಬೇಕಾದರೆ ನಮ್ಮ ತಲೆಯಲ್ಲಿ ಕೂತಿರುವ ಒಂದು ಚಿತ್ರವನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಕಿಡ್ನಿ ಅಂದರೆ ರಕ್ತದ ಕೊಳೆ ಸೋಸುವ ಫಿಲ್ಟರ್ ಅಂತ ಶಾಲೆಯಲ್ಲಿ ಕಲಿತಿರುತ್ತೇವೆ. ಸುಳ್ಳೇನಲ್ಲ. ಆದರೆ ಸೋಸುವುದು ಕಿಡ್ನಿಗೆ ಸುಲಭದ ಕೆಲಸ. ಅದರ ಬೆವರೆಲ್ಲ ಹರಿಯುವುದು ಸೋಸಿದ್ದನ್ನು ವಾಪಸ್ ತರುವುದರಲ್ಲಿ.

ಲೆಕ್ಕ ನೋಡಿ. ದೊಡ್ಡವರ ಎರಡೂ ಕಿಡ್ನಿ ಸೇರಿದರೆ ಸುಮಾರು 300 ಗ್ರಾಂ. ಮೈತೂಕದ ಅರ್ಧ ಪರ್ಸೆಂಟೂ ಇಲ್ಲ. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದನೇ ಒಂದು ಪಾಲು ನೇರವಾಗಿ ಇಲ್ಲಿಗೇ ಬರುತ್ತದೆ, ನಿಮಿಷಕ್ಕೆ ಒಂದು ಲೀಟರಿಗೂ ಜಾಸ್ತಿ. ಅದರಲ್ಲಿ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್ ನೀರು ಸೋಸಿ ಕೊಳವೆಗಳಿಗೆ ಇಳಿಯುತ್ತದೆ. ದಿನಕ್ಕೆ 180 ಲೀಟರ್. ನಮ್ಮ ಮೈಯಲ್ಲಿರುವ ಪ್ಲಾಸ್ಮಾ, ಅಂದರೆ ರಕ್ತದ ನೀರಿನ ಭಾಗ, ಬರೀ ಮೂರು ಲೀಟರ್ ಚಿಲ್ಲರೆ. ಹಾಗಾದರೆ ಅದೇ ಮೂರು ಲೀಟರ್ ದಿನಕ್ಕೆ 60 ಸಲ ಸೋಸಿಕೊಳ್ಳುತ್ತದೆ ಅಂತಾಯಿತು. ಕೊನೆಗೆ ಮೂತ್ರವಾಗಿ ಹೊರಬರುವುದು ಒಂದೂವರೆ ಲೀಟರ್. ಮಿಕ್ಕ 178 ಲೀಟರ್ ಚಿಲ್ಲರೆ ವಾಪಸ್ ರಕ್ತಕ್ಕೆ.

ಉಪ್ಪಿನ ಲೆಕ್ಕ ಇನ್ನೂ ಮಜವಾಗಿದೆ. ದಿನಕ್ಕೆ ಸೋಸಿ ಇಳಿಯುವ ಸೋಡಿಯಮ್ಮನ್ನು ಅಡುಗೆ ಉಪ್ಪಿನ ಲೆಕ್ಕದಲ್ಲಿ ತೂಗಿದರೆ ಹತ್ತಿರ ಹತ್ತಿರ ಒಂದೂವರೆ ಕಿಲೋ ಆಗುತ್ತದೆ. ನಾವು ತಿನ್ನುವುದು ಕೆಲವೇ ಗ್ರಾಂ. ಹೊರಗೆ ಹೋಗುವುದೂ ಅಷ್ಟೇ. ಸಕ್ಕರೆ ದಿನಕ್ಕೆ 180 ಗ್ರಾಂ ಇಳಿಯುತ್ತದೆ, ಆರೋಗ್ಯವಂತರಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಿಂದಕ್ಕೆ ಬರುತ್ತದೆ. ಈ ವಾಪಸಾತಿ ಪೂರ್ತಿ ನಿಂತು, ಸೋಸುವುದು ಮಾತ್ರ ಅದೇ ವೇಗದಲ್ಲಿ ನಡೆದರೆ ಅರ್ಧ ಗಂಟೆಯೊಳಗೆ ಪ್ಲಾಸ್ಮಾವೆಲ್ಲ ಮೂತ್ರವಾಗಿ ಹೋಗಿಬಿಡುತ್ತದೆ.

ಇಷ್ಟೆಲ್ಲ ಹೊರಗೆ ಹಾಕಿ ಮತ್ತೆ ಒಳಗೆ ತರುವ ಉಪದ್ವ್ಯಾಪ ಯಾಕೆ? ಬೇಡದ್ದನ್ನು ಮಾತ್ರ ಆರಿಸಿ ಬಿಸಾಡಬಹುದಿತ್ತಲ್ವಾ? ನನಗೆ ಕಿಡ್ನಿಯ ಜಾಣತನ ಕಾಣುವುದೇ ಇಲ್ಲಿ. ಬೇಡದ್ದನ್ನು ಆರಿಸಬೇಕಾದರೆ ಬೇಡದ್ದು ಯಾವುದು ಅಂತ ಮೊದಲೇ ಗೊತ್ತಿರಬೇಕು. ನಾಳೆ ಯಾವ ಸೊಪ್ಪಿನ ಜೊತೆ, ಯಾವ ಮಾತ್ರೆಯ ಜೊತೆ ಯಾವ ಹೊಸ ರಾಸಾಯನಿಕ ಹೊಟ್ಟೆಗೆ ಬೀಳುತ್ತದೋ ಯಾರಿಗೆ ಗೊತ್ತು? ಬೇಕಾದ್ದರ ಪಟ್ಟಿ ಮಾತ್ರ ಚಿಕ್ಕದು, ಬದಲಾಗುವುದೂ ಇಲ್ಲ: ನೀರು, ಸೋಡಿಯಂ, ಪೊಟ್ಯಾಶಿಯಂ, ಸಕ್ಕರೆ, ಅಮೈನೋ ಆಮ್ಲ, ಬೈಕಾರ್ಬೊನೇಟ್, ಹೀಗೆ. ಆದ್ದರಿಂದ ಕಿಡ್ನಿ ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿ, ಬೇಕಾದ್ದನ್ನಷ್ಟೇ ಒಂದೊಂದಾಗಿ ಒಳಗೆ ತರುವವರ ಹಾಗೆ ಕೆಲಸ ಮಾಡುತ್ತದೆ. ಗುರುತು ಪರಿಚಯ ಇಲ್ಲದ್ದು ಬಹುಮಟ್ಟಿಗೆ ಅಂಗಳದಲ್ಲೇ ಉಳಿಯುತ್ತದೆ.

ಎರಡು ನಲ್ಲಿಗಳ ನಡುವೆ

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳು, ಅಂದರೆ ಸೋಸಿ ವಾಪಸ್ ತರುವ ಪುಟ್ಟ ಪುಟ್ಟ ಘಟಕಗಳು. ಒಬ್ಬರಿಂದೊಬ್ಬರಿಗೆ ಈ ಸಂಖ್ಯೆ ಬಹಳ ಏರುಪೇರಾಗುತ್ತದೆ. ಹುಟ್ಟುವಾಗ ಇದ್ದಷ್ಟೇ, ಆಮೇಲೆ ಹೊಸದು ಹುಟ್ಟುವುದಿಲ್ಲ. ಪ್ರತಿ ನೆಫ್ರಾನಿನ ತಲೆಯಲ್ಲಿ ಕೂದಲೆಳೆಗಿಂತ ಸಣ್ಣ ರಕ್ತನಾಳಗಳ ಒಂದು ಉಂಡೆ ಇರುತ್ತದೆ. ಅದೇ ಗ್ಲೊಮೆರುಲಸ್. ಬೇರೆ ಕಡೆಯ ಸಣ್ಣ ರಕ್ತನಾಳಗಳಿಗಿಂತ ಇದರ ಏರ್ಪಾಟು ಬೇರೆ. ರಕ್ತ ಒಳಗೆ ಬರುವ ದಾರಿಯಲ್ಲೂ ಒಂದು ಪುಟ್ಟ ಧಮನಿ, ಹೊರಗೆ ಹೋಗುವ ದಾರಿಯಲ್ಲೂ ಒಂದು ಪುಟ್ಟ ಧಮನಿ. ಎರಡೂ ಬಿಗಿಯಬಲ್ಲವು, ಸಡಿಲಿಸಬಲ್ಲವು. ಎರಡು ನಲ್ಲಿಗಳ ನಡುವೆ ಸಿಕ್ಕಿಕೊಂಡ ಪೈಪ್ ಅಂತ ಇಟ್ಟುಕೊಳ್ಳಿ. ಹೊರಗಿನ ನಲ್ಲಿ ಸ್ವಲ್ಪ ಬಿಗಿದರೆ ನಡುವಿನ ಒತ್ತಡ ಏರುತ್ತದೆ. ಒಳಗಿನದನ್ನು ಬಿಗಿದರೆ ಇಳಿಯುತ್ತದೆ. ಸೋಸುವುದಕ್ಕೆ ಬೇಕಾದ ಬಲವೆಲ್ಲ ಈ ಒತ್ತಡವೇ. ಕಿಡ್ನಿ ತನ್ನ ಕೈಯಿಂದ ಪೈಸೆ ಖರ್ಚು ಮಾಡುವುದಿಲ್ಲ, ಹೃದಯದ ಬಡಿತದ ಬಲವನ್ನೇ ಬಳಸಿಕೊಳ್ಳುತ್ತದೆ.

ಕೆಲವು ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ ಅಂತ ಡಾಕ್ಟರು ಹೇಳುವುದು ಯಾಕೆ ಅಂತ ಇಲ್ಲಿ ತಿಳಿಯುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆಗಳು ಒಳಗಿನ ನಲ್ಲಿ ತೆರೆದಿರಲು ಬೇಕಾದ ವಸ್ತುವನ್ನೇ ತಡೆಯುತ್ತವೆ. ಬಿಪಿಗೆ ಕೊಡುವ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಗುಂಪು ಹೊರಗಿನ ನಲ್ಲಿಯನ್ನು ಸಡಿಲಿಸುತ್ತದೆ. ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಸೇರಿ ಮೈಯ ನೀರು ಕಡಿಮೆಯಾದರೆ ಮುಗಿಯಿತು. ಒತ್ತಡ ಕುಸಿದು ಸೋಸುವಿಕೆ ದಿಢೀರನೆ ನಿಲ್ಲಬಹುದು. ಮೂರೂ ಬೇರೆ ಬೇರೆಯಾಗಿ ಒಳ್ಳೆಯ ಮಾತ್ರೆಗಳೇ. ಮೂರೂ ಒಟ್ಟಾದಾಗ, ಅದರಲ್ಲೂ ವಾಂತಿ ಭೇದಿಯಾಗಿ ಸುಸ್ತಾದ ದಿನ, ಕಿಡ್ನಿಗೆ ಆಡಲು ಜಾಗವೇ ಇರುವುದಿಲ್ಲ.

ಜರಡಿಗೆ ಮೂರು ಪದರ. ಮೊದಲು ತೂತುತೂತಾದ ರಕ್ತನಾಳದ ಗೋಡೆ, ಆಮೇಲೆ ತೆಳ್ಳನೆಯ ಪೊರೆ, ಕೊನೆಗೆ ಪೊಡೊಸೈಟ್ ಎಂಬ ಜೀವಕೋಶಗಳು. ಇವಕ್ಕೆ ಬೆರಳುಗಳಂತೆ ಚಾಚಿದ ಕಾಲುಗಳಿರುತ್ತವೆ. ಎರಡೂ ಕೈಯ ಬೆರಳುಗಳನ್ನು ಒಂದರ ನಡುವೆ ಒಂದು ಹೆಣೆದುಕೊಂಡಂತೆ ಅಕ್ಕಪಕ್ಕದ ಕೋಶಗಳ ಕಾಲುಗಳು ಹೆಣೆದುಕೊಂಡು ಸಂದಿಗಳನ್ನು ಮಾಡುತ್ತವೆ. ನೀರು, ಉಪ್ಪು, ಸಕ್ಕರೆ, ಯೂರಿಯಾ ಸಲೀಸಾಗಿ ನುಸುಳುತ್ತವೆ. ರಕ್ತಕಣಗಳು ಹೋಗುವುದಿಲ್ಲ. ಆಲ್ಬುಮಿನ್‌ನಂಥ ದೊಡ್ಡ ಪ್ರೊಟೀನು ಕೂಡ ಹೆಚ್ಚುಕಡಿಮೆ ಇಲ್ಲೇ ನಿಲ್ಲುತ್ತದೆ. ಪೊಡೊಸೈಟ್ ಒಮ್ಮೆ ಕಳಚಿ ಬಿದ್ದರೆ ಆ ಜಾಗಕ್ಕೆ ಹೊಸದು ಬರುವುದು ಬಹಳ ಕಷ್ಟ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸೋಸಿದ್ದು ವಾಪಸ್ ಬರುತ್ತದೆ ಅನ್ನುವುದು ಇವತ್ತು ಪಾಠದ ಸಾಲು. ಆದರೆ ಇದಕ್ಕಾಗಿ ಎಂಬತ್ತು ವರ್ಷ ಜಗಳ ನಡೆದಿದೆ. 1840ರ ದಶಕದಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್, ರಕ್ತದ ಒತ್ತಡದಿಂದಲೇ ಇಲ್ಲಿ ಸೋಸುವಿಕೆ ಆಗುತ್ತದೆ ಎಂದ. ಇಲ್ಲ, ಜೀವಕೋಶಗಳೇ ಮೂತ್ರವನ್ನು ಒಸರುತ್ತವೆ ಎಂದು ವಾದಿಸಿದವರೂ ಇದ್ದರು. ಕೊನೆಗೆ ತೀರ್ಪು ಕೊಟ್ಟದ್ದು ಒಂದು ಕಪ್ಪೆ. 1920ರ ದಶಕದ ಆರಂಭದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋಸೆಫ್ ವೆರ್ನ್ ಮತ್ತು ಆಲ್ಫ್ರೆಡ್ ನ್ಯೂಟನ್ ರಿಚರ್ಡ್ಸ್ ಮೈಕ್ರೋಸ್ಕೋಪಿನ ಕೆಳಗೆ ಜೀವಂತ ಕಪ್ಪೆಯ ಕಿಡ್ನಿ ಇಟ್ಟುಕೊಂಡರು. ಗಾಜಿನ ಕೊಳವೆಯನ್ನು ಎಳೆದು ಎಳೆದು ಸೂಜಿಗಿಂತ ಸಣ್ಣ ಮಾಡಿ, ಒಂದೇ ಒಂದು ಗ್ಲೊಮೆರುಲಸ್‌ನ ಸುತ್ತಲಿನ ಚೀಲಕ್ಕೆ ಚುಚ್ಚಿ, ಅಲ್ಲಿಂದ ಕಣ್ಣಿಗೆ ಕಾಣದಷ್ಟು ದ್ರವ ಹೀರಿದರು. ಅದರಲ್ಲಿ ಸಕ್ಕರೆ ಇತ್ತು, ಉಪ್ಪು ಇತ್ತು. ಅದೇ ಕಪ್ಪೆಯ ಮೂತ್ರಕೋಶದಲ್ಲಿದ್ದ ಮೂತ್ರದಲ್ಲಿ ಸಕ್ಕರೆಯೇ ಇರಲಿಲ್ಲ. ಹಾಗಾದರೆ ನಡುದಾರಿಯಲ್ಲಿ ಯಾರೋ ಎತ್ತಿಕೊಂಡಿರಬೇಕಲ್ಲ! 1924ರಲ್ಲಿ ಇದು ಅಚ್ಚಾಯಿತು.

ಎತ್ತಿಕೊಳ್ಳುವವರು

ಗ್ಲೊಮೆರುಲಸ್ ದಾಟಿದ ಕೂಡಲೇ ಸಿಗುವ ಸುರುಳಿ ಕೊಳವೆಯಲ್ಲೇ ನೀರು, ಸೋಡಿಯಂ ಮೂರರಲ್ಲಿ ಎರಡು ಪಾಲು ವಾಪಸ್ ಆಗುತ್ತವೆ. ಸಕ್ಕರೆ, ಅಮೈನೋ ಆಮ್ಲ ಹೆಚ್ಚುಕಡಿಮೆ ಪೂರ್ತಿ. ಇಲ್ಲಿಯ ಜೀವಕೋಶಗಳ ಒಳಮುಖ ಬ್ರಷ್ಷಿನ ಹಾಗೆ ಎಳೆ ಎಳೆಯಾಗಿದೆ, ಹೀರಲು ಜಾಗ ಜಾಸ್ತಿ ಸಿಗಲಿ ಅಂತ.

ಇಷ್ಟಕ್ಕೂ ಎಳೆಯುವ ಎಂಜಿನ್ ಒಂದೇ. ಕೋಶದ ಹಿಂಬದಿಯಲ್ಲಿ, ರಕ್ತದ ಕಡೆಗೆ ಮುಖ ಮಾಡಿ ಕೂತ ಒಂದು ಪಂಪ್. ಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು ಮಾಡಿ ಮೂರು ಸೋಡಿಯಂ ಆಚೆ ತಳ್ಳುತ್ತದೆ, ಎರಡು ಪೊಟ್ಯಾಶಿಯಂ ಒಳಗೆ ತರುತ್ತದೆ. ಡೆನ್ಮಾರ್ಕಿನ ಜೆನ್ಸ್ ಸ್ಕೋ 1957ರಲ್ಲಿ ಇದನ್ನು ಏಡಿಯ ನರದಲ್ಲಿ ಕಂಡ, ನೊಬೆಲ್ ಸಿಕ್ಕಿದ್ದು 40 ವರ್ಷದ ನಂತರ, 1997ರಲ್ಲಿ. ಪಂಪ್ ಸೋಡಿಯಮ್ಮನ್ನು ಹಿಂಬಾಗಿಲಿಂದ ಖಾಲಿ ಮಾಡುತ್ತಿದ್ದರೆ ಮುಂಬಾಗಿಲಲ್ಲಿ ಸೋಡಿಯಂ ತಾನಾಗಿಯೇ ನುಗ್ಗಿ ಬರುತ್ತದೆ. ಬರುವಾಗ ಸಕ್ಕರೆಯ ಕೈ ಹಿಡಿದು ಕರೆತರುತ್ತದೆ, ಅಮೈನೋ ಆಮ್ಲದ ಕೈ ಹಿಡಿದು ಕರೆತರುತ್ತದೆ. ಉಪ್ಪು ಹೋದಲ್ಲಿಗೆ ನೀರೂ ಹಿಂಬಾಲಿಸುತ್ತದೆ. ಕಿಡ್ನಿ ಬಳಸುವ ಆಕ್ಸಿಜನ್ನಿನ ಬಹುಪಾಲು ಈ ಪಂಪ್ ಒಂದನ್ನು ನಡೆಸುವುದಕ್ಕೇ ಖರ್ಚಾಗುತ್ತದೆ.

ಸಕ್ಕರೆಯ ಕೈ ಹಿಡಿಯುವ ಆ ಬಾಗಿಲಿಗೆ ಎಸ್‌ಜಿಎಲ್‌ಟಿ2 ಅಂತ ಹೆಸರು. ಸೋಸಿ ಬಂದ ಸಕ್ಕರೆಯಲ್ಲಿ ಸುಮಾರು 90 ಪರ್ಸೆಂಟ್ ಇದರದ್ದೇ ಪಾಲು. ಮಿಕ್ಕದ್ದನ್ನು ಸ್ವಲ್ಪ ಕೆಳಗಿರುವ ಎಸ್‌ಜಿಎಲ್‌ಟಿ1 ಬಾಚಿಕೊಳ್ಳುತ್ತದೆ. ಬಾಗಿಲುಗಳ ಸಂಖ್ಯೆಗೆ ಒಂದು ಮಿತಿ ಇದೆ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಬಾಗಿಲು ಸಾಲದೆ ಸಕ್ಕರೆ ಮೂತ್ರಕ್ಕೆ ಹೋಗುತ್ತದೆ. ಮಧುಮೇಹ ಅನ್ನುವ ಹಳೆಯ ಹೆಸರಿನಲ್ಲೇ ಈ ಸಿಹಿ ಮೂತ್ರ ಇದೆ.

ನೀರಿನ ಮುಖ್ಯ ಆಟ ನಡೆಯುವುದು ಇನ್ನೂ ಕೆಳಗೆ. ಕೊಳವೆ ಕಿಡ್ನಿಯ ಒಡಲಿಗೆ ಇಳಿದು, ತಿರುಗಿ ಮೇಲೆ ಬರುತ್ತದೆ, ಹೇರ್‌ಪಿನ್ನಿನ ಹಾಗೆ. ಇದೇ ಹೆನ್ಲೆ ಕುಣಿಕೆ. ಇಳಿಯುವ ಕಾಲು ನೀರನ್ನು ಬಿಡುತ್ತದೆ, ಏರುವ ಕಾಲು ನೀರನ್ನು ಬಿಡದೆ ಉಪ್ಪನ್ನು ಮಾತ್ರ ಹೊರಗೆ ಪಂಪ್ ಮಾಡುತ್ತದೆ. ಹೀಗೆ ಎದುರುಬದುರು ಹರಿಯುತ್ತ ಹರಿಯುತ್ತ ಕಿಡ್ನಿಯ ಒಡಲು ರಕ್ತಕ್ಕಿಂತ ನಾಲ್ಕು ಪಟ್ಟು ಗಟ್ಟಿ ಉಪ್ಪುನೀರಾಗುತ್ತದೆ. ಕೊನೆಯ ಕೊಳವೆ ಈ ಉಪ್ಪಿನ ನಡುವೆಯೇ ಹಾದು ಹೋಗಬೇಕು. ಮೈಗೆ ನೀರು ಕಡಿಮೆಯಾಗಿದ್ದರೆ ಮೆದುಳಿನಿಂದ ವ್ಯಾಸೊಪ್ರೆಸ್ಸಿನ್ ಹಾರ್ಮೋನು ಬರುತ್ತದೆ. ಆಗ ಆ ಕೊಳವೆಯ ಗೋಡೆಯಲ್ಲಿ ಆಕ್ವಾಪೊರಿನ್ ಎಂಬ ನೀರುಗಂಡಿಗಳು ತೆರೆಯುತ್ತವೆ. ಸುತ್ತಲಿನ ಉಪ್ಪು, ಕೊಳವೆಯೊಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ಮೂತ್ರ ಗಾಢ ಹಳದಿ ಇರುವುದು ಇದಕ್ಕೇ. ನೀರು ಜಾಸ್ತಿಯಾಗಿದ್ದರೆ ಹಾರ್ಮೋನು ಬರುವುದಿಲ್ಲ, ಗಂಡಿಗಳು ಒಳಗೆ ಸರಿದುಕೊಳ್ಳುತ್ತವೆ, ನೀರಿನಂಥ ಮೂತ್ರ ಹೋಗುತ್ತದೆ. ಮದ್ಯ ಈ ಹಾರ್ಮೋನನ್ನು ತಡೆಯುತ್ತದೆ. ಕುಡಿದವರು ಮತ್ತೆ ಮತ್ತೆ ಎದ್ದು ಹೋಗುವುದೂ, ಮರುದಿನ ಗಂಟಲು ಒಣಗುವುದೂ ಅದರಿಂದಲೇ.

ಈ ಏರ್ಪಾಟು ಎಷ್ಟು ಅಗಲ ಹಿಗ್ಗುತ್ತದೆ ಅಂದರೆ, ಕಿಡ್ನಿ ದಿನಕ್ಕೆ ಅರ್ಧ ಲೀಟರ್ ಮೂತ್ರದಲ್ಲೂ ಕಸ ಹೊರಹಾಕಬಲ್ಲದು, ಹತ್ತು ಲೀಟರಿಗೂ ಜಾಸ್ತಿ ನೀರನ್ನೂ ಬಿಡಬಲ್ಲದು. ಆದ್ದರಿಂದ "ಜಾಸ್ತಿ ನೀರು ಕುಡಿದು ಕಿಡ್ನಿ ತೊಳೆದುಕೊಳ್ಳಿ" ಎಂಬ ಉಪದೇಶ ಕೇಳಿದಾಗ ನನಗೆ ನಗು ಬರುತ್ತದೆ. ದಿನಕ್ಕೆ 180 ಲೀಟರ್ ಹಾಯುವ ಜಾಗಕ್ಕೆ ಇನ್ನೆರಡು ಲೋಟದಿಂದ ಯಾವ ತೊಳೆತ? ಕಿಡ್ನಿಯಲ್ಲಿ ಕಲ್ಲಾಗುವವರಿಗೆ ಜಾಸ್ತಿ ನೀರು ನಿಜಕ್ಕೂ ಔಷಧಿ, ಅದು ಬೇರೆ ಮಾತು. ಆದರೆ ಕಿಡ್ನಿ ಕಾಯಿಲೆ ಇರುವವರಿಗೆ ಹೆಚ್ಚು ನೀರು ಕುಡಿಸಿ ಒಂದು ವರ್ಷ ನೋಡಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಕಿಡ್ನಿ ಕುಗ್ಗುವ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಾಯಾರಿದಾಗ ಕುಡಿದರೆ ಬಹಳ ಜನಕ್ಕೆ ಸಾಕು.

ಬಾಗಿಲು ಮುಚ್ಚುವ ಮಾತ್ರೆ

ಈಗ ನಾಲ್ಕು ಪ್ಲಸ್ಸಿನ ರಿಪೋರ್ಟಿಗೆ ಬರೋಣ. 1835ರಲ್ಲಿ ಸೇಬಿನ ಮರದ ತೊಗಟೆಯಿಂದ ಫ್ಲೋರಿಜಿನ್ ಎಂಬ ಕಹಿ ವಸ್ತುವನ್ನು ಬೇರ್ಪಡಿಸಿದ್ದರು. ಅದನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ ಅಂತ 19ನೇ ಶತಮಾನದಲ್ಲೇ ಗೊತ್ತಾಯಿತು. ಹುಟ್ಟಿನಿಂದಲೇ ಎಸ್‌ಜಿಎಲ್‌ಟಿ2 ಕೆಲಸ ಮಾಡದ ಕೆಲವು ಕುಟುಂಬಗಳಿವೆ. ಅವರ ಮೂತ್ರದಲ್ಲಿ ಸದಾ ಸಕ್ಕರೆ, ಆದರೆ ಬಹುತೇಕ ಆರಾಮಾಗಿಯೇ ಇರುತ್ತಾರೆ. ಹಾಗಾದರೆ ಈ ಬಾಗಿಲನ್ನು ಬೇಕೆಂದೇ ಮುಚ್ಚಿದರೆ ಸಕ್ಕರೆ ಕಾಯಿಲೆಗೆ ಔಷಧಿಯಾಗಬಹುದಲ್ಲ? ಈ ಯೋಚನೆಯಿಂದ ಗ್ಲಿಫ್ಲೋಜಿನ್‌ಗಳು ಹುಟ್ಟಿದವು. 2012ರಲ್ಲಿ ಯುರೋಪಿನಲ್ಲಿ ಡಾಪಾಗ್ಲಿಫ್ಲೋಜಿನ್‌ಗೆ ಒಪ್ಪಿಗೆ ಸಿಕ್ಕಿತು.

ಸಕ್ಕರೆ ಇಳಿಯಿತು, ಅದು ನಿರೀಕ್ಷಿಸಿದ್ದೇ. ನಿರೀಕ್ಷಿಸದೆ ಇದ್ದದ್ದು ಹೃದಯಕ್ಕೂ ಕಿಡ್ನಿಗೂ ಆದ ಲಾಭ. 2020ರಲ್ಲಿ ಡಾಪಾ-ಸಿಕೆಡಿ ಎಂಬ ಪ್ರಯೋಗದ ಫಲಿತಾಂಶ ಬಂತು. 4,304 ಕಿಡ್ನಿ ರೋಗಿಗಳು, ಅವರಲ್ಲಿ ಸುಮಾರು ಮೂರನೇ ಒಂದು ಪಾಲಿನವರಿಗೆ ಸಕ್ಕರೆ ಕಾಯಿಲೆಯೇ ಇಲ್ಲ. ಕಿಡ್ನಿ ತೀರಾ ಕುಗ್ಗುವುದು, ಪೂರ್ತಿ ಸೋಲುವುದು, ಕಿಡ್ನಿ ಅಥವಾ ಹೃದಯದ ಕಾರಣಕ್ಕೆ ಸಾವು, ಇವೆಲ್ಲ ಸೇರಿ ಔಷಧಿಯಿಲ್ಲದ ಬೂಸಾ ಮಾತ್ರೆಯವರಲ್ಲಿ 14.5 ಪರ್ಸೆಂಟ್ ಜನಕ್ಕೆ ಆದವು, ಔಷಧಿಯವರಲ್ಲಿ 9.2 ಪರ್ಸೆಂಟ್. ಲಾಭ ಅಷ್ಟು ಸ್ಪಷ್ಟವಿದ್ದದ್ದರಿಂದ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಇದು ಹೇಗೆ? ಪ್ರತಿ ಕೊಳವೆಯೂ ಕೆಳಗಿಳಿದು, ಸುತ್ತಿ, ಮೇಲೆ ಬಂದು ತನ್ನದೇ ಗ್ಲೊಮೆರುಲಸ್‌ನ ಬಾಗಿಲಿಗೆ ತಾಗುತ್ತದೆ. ಅಲ್ಲಿ ಕೆಲವು ಕೋಶಗಳು ಕಾವಲು ಕೂತಿವೆ. ಹರಿದು ಬರುವ ದ್ರವದಲ್ಲಿ ಉಪ್ಪೆಷ್ಟಿದೆ ಅಂತ ರುಚಿ ನೋಡುವುದೇ ಅವುಗಳ ಕೆಲಸ. ಉಪ್ಪು ಕಡಿಮೆ ಬಂದರೆ, "ಓ, ಸೋಸುವುದು ಸಾಲುತ್ತಿಲ್ಲ" ಅಂದುಕೊಂಡು ಒಳಗಿನ ನಲ್ಲಿಯನ್ನು ಅಗಲ ಮಾಡುತ್ತವೆ. ಸಕ್ಕರೆ ಕಾಯಿಲೆಯಲ್ಲಿ ಈ ಕಾವಲುಗಾರರು ಮೋಸ ಹೋಗುತ್ತಾರೆ. ಸಕ್ಕರೆ ರಾಶಿ ರಾಶಿ ಸೋಸಿ ಬರುತ್ತದೆ, ಅದನ್ನು ಎತ್ತಿಕೊಳ್ಳುವಾಗ ಜೊತೆಯಲ್ಲಿ ಉಪ್ಪೂ ಮೇಲಿನ ಕೊಳವೆಯಲ್ಲೇ ಖಾಲಿಯಾಗುತ್ತದೆ. ಕೆಳಗೆ ತಲುಪುವ ಉಪ್ಪು ಕಡಿಮೆ. ನಲ್ಲಿ ಇನ್ನಷ್ಟು ತೆರೆಯುತ್ತದೆ. ಒತ್ತಡ ಏರುತ್ತದೆ. ವರ್ಷಗಟ್ಟಲೆ ಆ ಒತ್ತಡ ತಡೆದು ತಡೆದು ಪೊಡೊಸೈಟ್‌ಗಳು ಕಳಚುತ್ತವೆ. ಹೊಸದು ಬರುವುದಿಲ್ಲ ಅಂದೆನಲ್ಲ, ಪೆಟ್ಟು ಬೀಳುವುದು ಇಲ್ಲೇ.

ಮಾತ್ರೆ ಬಾಗಿಲು ಮುಚ್ಚಿದಾಗ ಸಕ್ಕರೆಯ ಜೊತೆ ಉಪ್ಪೂ ಕೆಳಗೆ ಹೋಗುತ್ತದೆ. ಕಾವಲುಗಾರರಿಗೆ ಸರಿಯಾದ ರುಚಿ ಸಿಗುತ್ತದೆ, ನಲ್ಲಿ ಬಿಗಿಯುತ್ತದೆ, ಒತ್ತಡ ಇಳಿಯುತ್ತದೆ. ಶುರುವಿನ ಕೆಲವು ವಾರ ಇಜಿಎಫ್‌ಆರ್, ಅಂದರೆ ಸೋಸುವಿಕೆಯ ಅಂದಾಜು, ಒಂದಿಷ್ಟು ಕೆಳಗೆ ಬೀಳುವುದೂ ಇದಕ್ಕೇ. ಇದನ್ನು ನೋಡಿ ಹೆದರಿ ಮಾತ್ರೆ ಬಿಡುವವರಿದ್ದಾರೆ. ಸಣ್ಣ ಇಳಿತವಾದರೆ ಅದು ಕಿಡ್ನಿ ಹಾಳಾದದ್ದಲ್ಲ, ಓಡುತ್ತಿದ್ದವನು ನಡಿಗೆಗೆ ಇಳಿದದ್ದು. ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಯಾಕೆ ಲಾಭವಾಗುತ್ತದೆ ಅನ್ನುವುದರ ಬಗ್ಗೆ ತಜ್ಞರಲ್ಲಿ ಚರ್ಚೆ ಮುಗಿದಿಲ್ಲ. ಅರ್ಧ ನೆಫ್ರಾನ್ ಹೋದ ಮೇಲೆ ಉಳಿದವು ಎರಡಾಳಿನ ಕೆಲಸ ಮಾಡುತ್ತ ಇದೇ ಒತ್ತಡಕ್ಕೆ ಸಿಗುತ್ತವೆ ಎನ್ನುವುದು ಒಂದು ಮುಖ್ಯ ವಿವರಣೆ.

ಹಾಗಂತ ಇದು ಎಲ್ಲರೂ ನುಂಗಬಹುದಾದ ಮಾತ್ರೆಯಲ್ಲ. ಸಿಹಿ ಮೂತ್ರ ಹೋಗುವ ಜಾಗದಲ್ಲಿ ಫಂಗಸ್ ಸೋಂಕು ಬರಬಹುದು. ಊಟ ಬಿಟ್ಟಾಗ, ಆಪರೇಷನ್ ಸಮಯದಲ್ಲಿ, ತೀರಾ ಕಾಯಿಲೆ ಬಿದ್ದಾಗ ರಕ್ತದಲ್ಲಿ ಆಮ್ಲ ಏರುವ ಕೀಟೊಆಸಿಡೋಸಿಸ್ ಎಂಬ ಅಪಾಯವೂ ಇದೆ. ಅಂಥ ದಿನಗಳಲ್ಲಿ ಮಾತ್ರೆ ನಿಲ್ಲಿಸಬೇಕೇ ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಡಯಾಲಿಸಿಸ್ ಯಂತ್ರ ಕಿಡ್ನಿಗೆ ಯಾಕೆ ಪೂರ್ತಿ ಸಾಟಿಯಲ್ಲ ಅನ್ನುವುದೂ ಈಗ ಹೇಳಿಕೊಡಬೇಕಾಗಿಲ್ಲ. 1943ರಲ್ಲಿ ಹಾಲೆಂಡಿನ ವಿಲ್ಲೆಮ್ ಕೋಲ್ಫ್ ಸೆಲೊಫೇನ್ ಕೊಳವೆ ಸುತ್ತಿ ಮಾಡಿದ ಯಂತ್ರದಿಂದ ಇವತ್ತಿನವರೆಗೂ ಯಂತ್ರ ಮಾಡುವುದು ಪೊರೆಯ ಈಚೆ ಆಚೆ ಅದಲುಬದಲು. ಅದರಲ್ಲಿ ಆರಿಸಿ ವಾಪಸ್ ತರುವ ಕೊಳವೆ ಇಲ್ಲ. ರಕ್ತದಿಂದ ಉಪ್ಪು ಹೋಗಬಾರದು ಅಂದರೆ ಆಚೆಯ ದ್ರವದಲ್ಲೇ ಅಷ್ಟು ಉಪ್ಪು ಬೆರೆಸಿಡಬೇಕು. ಅದಕ್ಕೇ ಒಂದು ಸಲಕ್ಕೆ ನೂರು ಲೀಟರಿಗೂ ಮೀರಿ ದ್ರವ ಬೇಕು. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ ಅಂದರೆ 168 ಗಂಟೆಯಲ್ಲಿ 12 ಗಂಟೆ. ಮಿಕ್ಕ ಹೊತ್ತು ನೀರು, ಪೊಟ್ಯಾಶಿಯಂ ಏರದಂತೆ ನೋಡಿಕೊಳ್ಳುವ ಕೆಲಸ ರೋಗಿಯ ಬಾಯಿಯದ್ದು.

ಆ ಹಂತಕ್ಕೆ ಹೋಗುವ ಮುಂಚೆ ಗೊತ್ತಾಗುವುದು ಹೇಗೆ? ಎಲ್ಲರೂ ಕೇಳುವುದು ಕ್ರಿಯಾಟಿನಿನ್, ಅಂದರೆ ಸ್ನಾಯುಗಳಿಂದ ರಕ್ತಕ್ಕೆ ಬರುವ ಒಂದು ಕಸ. ಆದರೆ ಅದು ನಿಧಾನದ ಸುದ್ದಿಗಾರ. ಸೋಸುವಿಕೆ ಅರ್ಧಕ್ಕೆ ಇಳಿದರೂ ಕೆಲವರಲ್ಲಿ ಕ್ರಿಯಾಟಿನಿನ್ ನಾರ್ಮಲ್ ಗೆರೆಯ ಒಳಗೇ ಇರಬಹುದು, ಮೈಯಲ್ಲಿ ಸ್ನಾಯು ಕಡಿಮೆ ಇರುವ ವಯಸ್ಸಾದವರಲ್ಲಂತೂ ಇನ್ನೂ. ವಯಸ್ಸು, ಗಂಡು ಹೆಣ್ಣು ಲೆಕ್ಕ ಹಾಕಿ ತೆಗೆಯುವ ಇಜಿಎಫ್‌ಆರ್ ಇದಕ್ಕಿಂತ ವಾಸಿ. ಅದಕ್ಕೂ ಮುಂಚೆ ಸುಳಿವು ಕೊಡುವುದು ಮೂತ್ರದಲ್ಲಿ ಆಲ್ಬುಮಿನ್. ಜರಡಿಯ ಹೆಣಿಗೆ ಸಡಿಲವಾದರೆ ಮೊದಲು ಜಾರುವುದು ಅದೇ. ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಬುಮಿನ್ ಮೂರು ತಿಂಗಳು ಹಾಗೇ ಇದ್ದರೆ ಇಜಿಎಫ್‌ಆರ್ ಚೆನ್ನಾಗಿದ್ದರೂ ಅದನ್ನು ಕಿಡ್ನಿ ಕಾಯಿಲೆ ಎಂದೇ ಲೆಕ್ಕ. ಸಕ್ಕರೆ ಅಥವಾ ಬಿಪಿ ಇರುವವರಿಗೆ ವರ್ಷಕ್ಕೊಮ್ಮೆ ಬೇಕಾದ ಈ ಪರೀಕ್ಷೆ ಬಹಳ ಸಲ ಬಿಟ್ಟೇ ಹೋಗುತ್ತದೆ.

ಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ರಿಪೋರ್ಟಿನಲ್ಲಿ ಸಕ್ಕರೆಯ ನಾಲ್ಕು ಪ್ಲಸ್ ಕಂಡರೆ ಅದನ್ನು ಅಲ್ಲೇ ಬಿಟ್ಟು, ಅದೇ ಹಾಳೆಯಲ್ಲಿ ಆಲ್ಬುಮಿನ್ ಎಲ್ಲಿದೆ ಅಂತ ಬೆರಳಿಟ್ಟು ಹುಡುಕಲಿ. ಆ ಸಾಲೇ ಇಲ್ಲದಿದ್ದರೆ ಮುಂದಿನ ಸಲ ಕೇಳಿ ಬರೆಸಿಕೊಳ್ಳಲಿ.